ಮೊದಲ ಕುದುರೆ ಕೊಳ್ಳುವ ಮುನ್ನ: ಏನನ್ನು ಮೊದಲು ನೋಡಬೇಕು, ಏನನ್ನು ಕೊನೆಗೆ

ಮೊದಲ ಸಲ ಕುದುರೆ ಕೊಂಡವರು ಆರೇ ತಿಂಗಳಲ್ಲಿ ಅದನ್ನು ಮಾರಲು ಗಿರಾಕಿ ಹುಡುಕುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಯಾಕೆ ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: "ನೋಡಿದಾಗ ತುಂಬ ಸಾಧುವಾಗಿತ್ತು, ಮನೆಗೆ ಬಂದ ಮೇಲೆ ಬದಲಾಯಿತು." ಬಹಳಷ್ಟು ಸಲ ಕುದುರೆ ಬದಲಾಗಿರುವುದಿಲ್ಲ, ನಾವು ನೋಡಿದ ಕ್ರಮ ತಪ್ಪಿರುತ್ತದೆ. ಬಣ್ಣ ನೋಡಿ, ಮೇಲೆ ಹತ್ತಿ ಎರಡು ಸುತ್ತು ಹೊಡೆದು, ಮನಸ್ಸು ಕೊಟ್ಟಾದ ಮೇಲೆ ಕಾಲು ನೋಡಲು ಬಗ್ಗುತ್ತೇವೆ. ಅಷ್ಟು ಹೊತ್ತಿಗೆ ದೋಷ ಕಣ್ಣಿಗೆ ಬಿದ್ದರೂ ಮನಸ್ಸಿಗೆ ನಾಟುವುದಿಲ್ಲ.

ಇಲ್ಲಿ ಕ್ರಮ ತಿರುಗುಮುರುಗು. ಸವಾರಿ ತಡವಾಗಿ ಬರುತ್ತದೆ, ಹಣದ ಮಾತು ಎಲ್ಲಕ್ಕಿಂತ ಕೊನೆಗೆ. ಯಾವ ಹಂತದಲ್ಲಿ "ಇದು ಬೇಡ" ಅನ್ನಿಸಿತೋ ಅಲ್ಲಿಗೇ ನಿಲ್ಲಿಸಿ, ಮುಂದಿನ ಹಂತಕ್ಕೆ ಕಾಲಿಡಬೇಡಿ.

ಜೊತೆಗೆ ಒಯ್ಯಬೇಕಾದವು

ಹೆಲ್ಮೆಟ್, ಹಿಮ್ಮಡಿ ಇರುವ ಬೂಟು, ಗೊರಸು ಕೆರೆಯುವ ಕೊಕ್ಕೆ, ಸಣ್ಣ ಟಾರ್ಚು, ಸೆಕೆಂಡ್ ತೋರಿಸುವ ಗಡಿಯಾರ, ನೋಟ್‌ಬುಕ್ಕು, ವಿಡಿಯೊ ತೆಗೆಯಬಲ್ಲ ಫೋನು. ಇವೆಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಜೊತೆಗಾರರು ಬೇಕು. ನಿಮಗೆ ಸವಾರಿ ಕಲಿಸಿದವರಾದರೆ ಉತ್ತಮ. ಅವರಿಗೆ ಈ ಮಾರಾಟದಲ್ಲಿ ಕಮಿಷನ್ ಸಿಗುವಂತಿರಬಾರದು. ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಮೊದಲೇ ಕೇಳಿಬಿಡಿ.

ಹಂತ 1: ಕುದುರೆಗಿಂತ ಮೊದಲು ನಿಮ್ಮನ್ನು ಅಳೆದುಕೊಳ್ಳಿ

ಕುದುರೆಯನ್ನು ಬಯಲಿನಲ್ಲಿ ಹಿಡಿದು, ನಡೆಸಿ ತಂದು, ನಾಲ್ಕೂ ಗೊರಸು ಎತ್ತಿ ಕೆರೆದು, ಮೈ ತಿಕ್ಕಿ, ಜೀನು ಬಿಗಿದು, ಕಡಿವಾಣ ಹಾಕುವ ಕೆಲಸವನ್ನು ಯಾರ ಸಹಾಯವೂ ಇಲ್ಲದೆ ಮಾಡಬಲ್ಲಿರಾ? ಕನಿಷ್ಠ ನಾಲ್ಕೈದು ಬೇರೆ ಬೇರೆ ಕುದುರೆಗಳ ಮೇಲೆ ನಡಿಗೆ, ಟ್ರಾಟ್ (ನಿಧಾನ ಓಟ), ಕ್ಯಾಂಟರ್ (ಅದಕ್ಕಿಂತ ವೇಗದ ಓಟ) ಮೂರರಲ್ಲೂ ನಿಲ್ಲಿಸಿ ತಿರುಗಿಸಬಲ್ಲಿರಾ? ಸವಾರಿ ಶಾಲೆಯ ಒಂದೇ ಕುದುರೆಯ ಮೇಲೆ ಕಲಿತವರು ಇನ್ನೂ ಕೆಲವು ತಿಂಗಳು ಕಾಯುವುದು ಒಳ್ಳೆಯದು. ಆ ಕುದುರೆಗೆ ಗುರುಗಳ ದನಿ ಗೊತ್ತಿರುತ್ತದೆ. ನೀವು ಹೇಳಿದ್ದನ್ನಲ್ಲ, ಅವರು ಹೇಳಿದ್ದನ್ನು ಅದು ಮಾಡುತ್ತಿರುತ್ತದೆ.

ತೂಕದ ಲೆಕ್ಕ ಹಾಕಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ. 20 ಮೀರಬಾರದು ಅನ್ನುವುದು ರೂಢಿಯ ಮಿತಿ. ಹೊಸಬರ ಕೂರುವಿಕೆ ಇನ್ನೂ ಹದಕ್ಕೆ ಬಂದಿರುವುದಿಲ್ಲ, ಬೆನ್ನ ಮೇಲೆ ಕುಕ್ಕುತ್ತಾ ಇರುತ್ತೇವೆ. ಹಾಗಾಗಿ ನಾನು ಶೇ. 15 ಅನ್ನೇ ಹಿಡಿಯುತ್ತೇನೆ. ನೀವು 65 ಕೆ.ಜಿ., ಜೀನು 10 ಕೆ.ಜಿ. ಆದರೆ ನಿಮಗೆ ಸುಮಾರು 500 ಕೆ.ಜಿ. ತೂಗುವ ಕುದುರೆ ಹೊಂದುತ್ತದೆ. ಎತ್ತರವನ್ನು 'ಹ್ಯಾಂಡ್' ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು. ಅಳೆಯುವುದು ನೆಲದಿಂದ, ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿನ ಉಬ್ಬಿನವರೆಗೆ, ತಲೆಯವರೆಗಲ್ಲ.

ಇನ್ನು ಖರ್ಚು. 450 ಕೆ.ಜಿ. ಕುದುರೆ ದಿನಕ್ಕೆ ತನ್ನ ತೂಕದ ಶೇ. 1.5ರಿಂದ 2ರಷ್ಟು, ಅಂದರೆ 7ರಿಂದ 9 ಕೆ.ಜಿ. ಒಣಮೇವು ತಿನ್ನುತ್ತದೆ. ನೀರು 25 ಲೀಟರಿಗೆ ಕಡಿಮೆಯಿಲ್ಲ, ಬಿಸಿಲಿಗೆ ದುಪ್ಪಟ್ಟು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಿಸಬೇಕು. ಇದರ ಜೊತೆಗೆ ಲಸಿಕೆ, ಜಂತುಹುಳದ ಔಷಧ, ವರ್ಷಕ್ಕೊಮ್ಮೆ ಹಲ್ಲು ಉಜ್ಜಿಸುವುದು. ಕುದುರೆ ಹಿಂಡಿನ ಪ್ರಾಣಿ, ಒಂಟಿಯಾಗಿ ಕಟ್ಟಿದರೆ ಸೊರಗುತ್ತದೆ. ಜೊತೆ ಯಾವುದು ಅನ್ನುವುದನ್ನೂ ಈಗಲೇ ಯೋಚಿಸಿ. ಒಂದು ವರ್ಷದ ಖರ್ಚು ಬರೆದುಕೊಂಡ ಮೇಲಷ್ಟೇ ಕುದುರೆಗೆ ಎಷ್ಟು ಹಣ ಇಡಬಹುದೆಂದು ನಿರ್ಧರಿಸಿ.

ಹಂತ 2: ವಯಸ್ಸು, ಲಿಂಗ, ತಳಿ

ವಯಸ್ಸು 8ರಿಂದ 15ರ ನಡುವೆ ಇರಲಿ. ಚೆನ್ನಾಗಿ ಸಾಕಿದ, ಕಾಲು ಗಟ್ಟಿಯಿರುವ 17-18ರ ಕುದುರೆಯನ್ನೂ ತಳ್ಳಿಹಾಕಬೇಡಿ. ಕುದುರೆಗಳು 25-30 ವರ್ಷ ಬದುಕುತ್ತವೆ, ಹಗುರ ಸವಾರಿಗೆ ಇಪ್ಪತ್ತರ ಆಚೆಗೂ ಒದಗುತ್ತವೆ.

ಅತಿ ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ. ಮೂರು ವರ್ಷದ ಮರಿಗುದುರೆ ಅಗ್ಗಕ್ಕೆ ಸಿಗುತ್ತದೆ, "ನಾನೂ ಅದೂ ಒಟ್ಟಿಗೆ ಕಲಿಯುತ್ತೇವೆ" ಎಂಬ ಆಸೆ ಹುಟ್ಟುತ್ತದೆ. ಕಲಿಯದ ಸವಾರ, ಕಲಿಯದ ಕುದುರೆ; ಹೆದರಿದಾಗ ಇಬ್ಬರಲ್ಲಿ ಯಾರು ಯಾರಿಗೆ ಧೈರ್ಯ ಹೇಳಬೇಕು? ಜೊತೆಗೆ ಅಷ್ಟು ಎಳೆಯದರ ಬೆನ್ನೆಲುಬಿನ ಬೆಳವಣಿಗೆ ಐದು ವರ್ಷ ದಾಟುವವರೆಗೆ ಮುಗಿದಿರುವುದಿಲ್ಲ. ಕುದುರೆಯೇ ನಿಮಗೆ ಕಲಿಸುವಂತಿರಬೇಕು, ಮೊದಲ ಕುದುರೆಯ ಮಟ್ಟಿಗೆ ಇದರಲ್ಲಿ ರಾಜಿ ಬೇಡ.

ಬೀಜ ಒಡೆಸಿದ ಗಂಡು, ಅಂದರೆ ಗೆಲ್ಡಿಂಗ್, ಸಾಮಾನ್ಯವಾಗಿ ದಿನದಿಂದ ದಿನಕ್ಕೆ ಒಂದೇ ರೀತಿ ಇರುತ್ತದೆ. ಹೆಣ್ಣುಕುದುರೆ ಬೆದೆಯ ಕಾಲದಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಐದಾರು ದಿನ ಕೆಲವಕ್ಕೆ ಮೈಮೇಲೆ ಕೈಯಿಟ್ಟರೂ ಸಿಡುಕು. ಒಳ್ಳೆಯ ಹೆಣ್ಣುಕುದುರೆಗಳು ಬೇಕಾದಷ್ಟಿವೆ, ಆದರೆ ಗಬ್ಬವಾಗಿದೆಯೋ ಎಂದು ಖಚಿತಪಡಿಸಿಕೊಳ್ಳಿ. ಗರ್ಭ ಹನ್ನೊಂದು ತಿಂಗಳದ್ದು. ಬೀಜದ ಗಂಡು ಹೊಸಬರಿಗೆ ಬೇಡವೇ ಬೇಡ, ಎಷ್ಟೇ ಸಾಧು ಎಂದರೂ.

ತಳಿಯ ಬಗ್ಗೆ ಇಷ್ಟು ಸಾಕು: ರೇಸಿನಿಂದ ನಿವೃತ್ತವಾದ ಥರೋಬ್ರೆಡ್‌ಗಳು ನೋಡಲು ಚೆಂದ, ಬೆಲೆಯೂ ಕಡಿಮೆ. ಆದರೆ ಅವು ಕಲಿತಿರುವುದು ಓಡುವುದನ್ನು. ಹೆದರಿ ಲಗಾಮು ಬಿಗಿಹಿಡಿದರೆ ಅದನ್ನೇ ಓಡಲು ಹೇಳಿದಂತೆ ತಿಳಿಯುವುದುಂಟು. ಬಣ್ಣವನ್ನು ಲೆಕ್ಕಕ್ಕೇ ಇಡಬೇಡಿ.

ಹಂತ 3: ಹೋಗುವ ಮುಂಚೆ ಫೋನಿನಲ್ಲಿ

ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಕೇಳಿ, ಉತ್ತರಗಳನ್ನೂ ಬರೆದುಕೊಳ್ಳಿ. ಎಷ್ಟು ದಿನದಿಂದ ನಿಮ್ಮ ಹತ್ತಿರ ಇದೆ? ಯಾಕೆ ಮಾರುತ್ತಿದ್ದೀರಿ? ಕಳೆದ ತಿಂಗಳು ಯಾರು, ಎಷ್ಟು ದಿನ ಸವಾರಿ ಮಾಡಿದ್ದಾರೆ? ಹೊಸಬರು ಯಾರಾದರೂ ಹತ್ತಿದ್ದಾರೆಯೇ? ಹೊಟ್ಟೆಶೂಲೆ, ಕುಂಟು, ಲ್ಯಾಮಿನೈಟಿಸ್ (ಗೊರಸಿನೊಳಗಿನ ಉರಿಯೂತ) ಎಂದಾದರೂ ಬಂದಿತ್ತೇ? ಈಗ ಏನಾದರೂ ಔಷಧ ಕೊಡುತ್ತಿದ್ದೀರಾ? ವಾಹನಗಳಿಗೆ ಬೆದರುತ್ತದೆಯೇ? ಸಾಗಿಸುವ ಗಾಡಿಗೆ ಹತ್ತುತ್ತದೆಯೇ?

ಎರಡನೆಯ ಪ್ರಶ್ನೆಗೆ ಬರುವ ಉತ್ತರವನ್ನು ಕೊನೆಯವರೆಗೂ ನೆನಪಿಡಿ. ಲಾಯದಲ್ಲಿ ಬೇರೆಯವರ ಬಾಯಲ್ಲಿ ಬೇರೆ ಕಾರಣ ಕೇಳಿಬಂದರೆ ಎಚ್ಚರವಾಗಬೇಕು. "ಸ್ವಲ್ಪ ಚುರುಕು", "ಕೈ ಪಳಗಿದವರಿಗೆ ಮಾತ್ರ", "ಇನ್ನೊಂದು ವರ್ಷ ತಿದ್ದಿದರೆ ಚಿನ್ನದಂಥ ಕುದುರೆ" ಇಂಥ ಮಾತು ಬಂದರೆ ಥ್ಯಾಂಕ್ಸ್ ಹೇಳಿ ಫೋನಿಡಿ. ಹೋಗುವುದೆಂದಾದರೆ ಒಂದು ಮಾತು ತಪ್ಪದೆ ಹೇಳಿ: "ನಾವು ಬರುವವರೆಗೆ ಕುದುರೆ ಹಿಡಿಯಬೇಡಿ, ಜೀನು ಹಾಕಬೇಡಿ."

ಹಂತ 4: ಲಾಯದಲ್ಲಿ, ಮುಟ್ಟುವ ಮುಂಚೆ

ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗಿ. ನಾನು ಒಮ್ಮೆ ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿದ್ದೆ. ಕಂದು ಬಣ್ಣದ ಗೆಲ್ಡಿಂಗ್ ಜೀನು ಹೊತ್ತು ಸಿದ್ಧವಾಗಿ ನಿಂತಿತ್ತು, ತಲೆ ತಗ್ಗಿಸಿಕೊಂಡು. ಎಂಥ ಶಾಂತ ಕುದುರೆ ಅಂತ ಖುಷಿಯಾಯಿತು, ಹತ್ತಿದೆ, ಕೊಂಡೆ. ಮನೆಗೆ ಬಂದ ನಾಲ್ಕನೆಯ ದಿನ ಅದು ಜೀನು ಕಂಡರೆ ಗೋಡೆಗೆ ಒತ್ತಿಕೊಳ್ಳತೊಡಗಿತು. ಅಂದು ತೆಗೆದ ಫೋಟೋವನ್ನು ಆಮೇಲೆ ದೊಡ್ಡದು ಮಾಡಿ ನೋಡಿದಾಗ ಜೀನಿನ ಅಂಚಿನುದ್ದಕ್ಕೂ, ತೊಡೆಸಂದಿಯಲ್ಲೂ ಬೆವರು ಒಣಗಿ ಬಿಟ್ಟ ಬಿಳಿ ಉಪ್ಪಿನ ಗೆರೆಗಳು ಕಂಡವು. ನಾನು ಬರುವ ಮುನ್ನ ಅದನ್ನು ದಣಿಯುವವರೆಗೆ ಓಡಿಸಿದ್ದರು. ನಾನು ಶಾಂತಿ ಅಂದುಕೊಂಡದ್ದು ಸುಸ್ತನ್ನು. ಆ ಗೆರೆ ಫೋಟೋದಲ್ಲಿ ಕಂಡಷ್ಟೇ ಸ್ಪಷ್ಟವಾಗಿ ಎದುರಿಗೂ ಇತ್ತು, ನೋಡಬೇಕೆಂದು ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಮೈ ಒದ್ದೆಯಿದ್ದರೆ, ಉಪ್ಪಿನ ಗೆರೆಯಿದ್ದರೆ, ಈಗಷ್ಟೇ ತೊಳೆದಂತಿದ್ದರೆ ಅಂದು ಮುಂದುವರಿಯಬೇಡಿ. ಕಣ್ಣು ಅರೆಮುಚ್ಚಿ, ಕೆಳತುಟಿ ಜೋತು, ಕರೆದರೂ ಕಿವಿ ಆಡಿಸದೆ ನಿಂತಿದ್ದರೆ ಮಂಪರಿನ ಔಷಧ ಕೊಟ್ಟಿರುವ ಸಾಧ್ಯತೆ ಇದೆ.

ಹತ್ತು ನಿಮಿಷ ದೂರದಲ್ಲಿ ಸುಮ್ಮನೆ ನಿಂತು ನೋಡಿ. ಬಾಗಿಲ ಕಟ್ಟಿಗೆ ಅರ್ಧಚಂದ್ರದಂತೆ ಸವೆದಿದೆಯೇ? ಅದಕ್ಕೆ ಮೇಲಿನ ಹಲ್ಲು ಊರಿ ಗಾಳಿ ನುಂಗುವ ಚಟವಿರಬಹುದು. ಆ ಚಟ ತಡೆಯಲು ಗಂಟಲ ಸುತ್ತ ಪಟ್ಟಿ ಬಿಗಿದ ಗುರುತನ್ನೂ ಹುಡುಕಿ. ನಿಂತಲ್ಲೇ ಎಡಕ್ಕೆ ಬಲಕ್ಕೆ ತೂಗಾಡುತ್ತಿದೆಯೇ? ಹಿಂಗಾಲೊಂದನ್ನು ಸಡಿಲ ಬಿಟ್ಟು ನಿಲ್ಲುವುದು ಸಹಜ. ಆದರೆ ಮುಂಗಾಲೊಂದನ್ನು ಮುಂದಕ್ಕೆ ಚಾಚಿ ಭಾರ ಹಾಕದೆ ನಿಂತರೆ ಅದು ನೋವಿನ ಗುರುತು. ಪಕ್ಕೆಯ ಏರಿಳಿತ ಎಣಿಸಿ: ವಿಶ್ರಾಂತಿಯಲ್ಲಿ ನಿಮಿಷಕ್ಕೆ 8ರಿಂದ 16 ಉಸಿರು ಸರಿ.

ಆಮೇಲೆ ಮಾಲೀಕರು ಅದನ್ನು ಹಿಡಿಯಲಿ, ಹಾಲ್ಟರ್ (ಹಗ್ಗ ಕಟ್ಟಲು ತಲೆಗೆ ಹಾಕುವ ಪಟ್ಟಿ) ಹಾಕಲಿ, ಕಟ್ಟಲಿ, ಮೈ ತಿಕ್ಕಲಿ. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಲಗಿಸಿ ಕಚ್ಚಲು ತಿರುಗುತ್ತದೆಯೇ ಎಂದು ಗಮನಿಸಿ. ಬೆನ್ನುನೋವು, ಜೀನು ಹೊಂದದಿರುವುದು, ಹೊಟ್ಟೆಹುಣ್ಣು ಎಲ್ಲವೂ ಮೊದಲು ಇಲ್ಲೇ ಬಾಯಿ ಬಿಡುತ್ತವೆ.

ಹಂತ 5: ಕೈಯಿಟ್ಟು ನೋಡುವುದು

ಭುಜದ ಕಡೆಯಿಂದ ಹತ್ತಿರ ಹೋಗಿ. ಹಣೆಯ ಎದುರಿಗೂ ಬಾಲದ ಹಿಂದಕ್ಕೂ ನೇರದಲ್ಲಿ ಕುದುರೆಗೆ ಕಣ್ಣು ಕಾಣುವುದಿಲ್ಲ.

ಗೊರಸಿನಿಂದ ಶುರು ಮಾಡಿ, ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಅಂಗೈಯನ್ನು ಭುಜದಿಂದ ಕೆಳಕ್ಕೆ ಸವರುತ್ತಾ ಬನ್ನಿ, ಕಣಕಾಲಿನ ಹಿಂದೆ ಮೆಲ್ಲಗೆ ಒತ್ತಿ. ಪಳಗಿದ ಕುದುರೆ ಭಾರವನ್ನು ಆಚೆಗೆ ಹೊರಳಿಸಿ ಕಾಲನ್ನು ನಿಮ್ಮ ಕೈಗೆ ಕೊಡುತ್ತದೆ. ಕಿತ್ತುಕೊಂಡರೆ, ನಿಮ್ಮ ಮೇಲೆ ಒರಗಿದರೆ ಬರೆದುಕೊಳ್ಳಿ. ಕೊಕ್ಕೆಯಿಂದ ಮಣ್ಣು ಕೆರೆದು ಮೂಗಿನ ಹತ್ತಿರ ತನ್ನಿ. ನಡುವಿನ ತ್ರಿಕೋನದ ಮೆತ್ತನೆ ಭಾಗ ರಬ್ಬರಿನಂತಿರಬೇಕು. ಕಪ್ಪು ಲೋಳೆ, ಕೊಳೆತ ವಾಸನೆ ಇದ್ದರೆ ಸೋಂಕು. ಅದು ವಾಸಿಯಾಗುತ್ತದೆ, ಆದರೆ ಲಾಯ ಎಷ್ಟು ಒದ್ದೆ, ಆರೈಕೆ ಎಷ್ಟು ಎಂಬುದನ್ನು ಹೇಳುತ್ತದೆ.

ಕಾಲು ಕೆಳಗಿಟ್ಟು ಗೊರಸಿನ ಹೊರಗೋಡೆ ನೋಡಿ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಆದ್ದರಿಂದ ಹೆಚ್ಚುಕಮ್ಮಿ ಕಳೆದ ಒಂದು ವರ್ಷದ ಕಥೆ ಅದರ ಮೇಲೇ ಬರೆದಿರುತ್ತದೆ. ಸಮಾನಾಂತರದ ತೆಳು ಉಂಗುರಗಳು ಮೇವು ಬದಲಾದಾಗ ಮೂಡುವಂಥವು, ಚಿಂತೆಯಿಲ್ಲ. ಮುಂದೆ ಒತ್ತೊತ್ತಾಗಿದ್ದು ಹಿಮ್ಮಡಿಯ ಕಡೆಗೆ ಅಗಲವಾಗುವ ಉಂಗುರಗಳು ಲ್ಯಾಮಿನೈಟಿಸ್ ಬಂದುಹೋದ ಗುರುತು. ಗೊರಸಿನೊಳಗಿನ ಈ ಉರಿಯೂತ ಮರುಕಳಿಸುವ ರೋಗ. ಮಾರುವವರು "ಎಂದೂ ಇಲ್ಲ" ಅಂದಿದ್ದರೆ ಈ ಉಂಗುರಗಳನ್ನೇ ನಂಬಿ. ಒಂದು ಗೊರಸು ಉಳಿದವಕ್ಕಿಂತ ಬಿಸಿಯಿದ್ದರೂ ಒಳಗೆ ತೊಂದರೆಯಿರಬಹುದು.

ಕಾಲುಗಳನ್ನು ಜೋಡಿಯಾಗಿ ಹೋಲಿಸಿ. ಎಡ ಮೊಣಕಾಲು ಬಲದಂತಿದೆಯೇ, ಹಿಂಭಾಗದ ಸ್ನಾಯುರಜ್ಜು ಎರಡರಲ್ಲೂ ಒಂದೇ ಬಿಗಿಯೇ ಎಂದು ಬೆರಳಿನಿಂದ ನೋಡಿ. ಎರಡೂ ಕಡೆ ಒಂದೇ ಥರದ ಉಬ್ಬಿದ್ದರೆ ಸವೆತವಿರಬಹುದು, ಒಂದೇ ಕಡೆಯಿದ್ದರೆ ಗಾಯವಿರಬಹುದು. ಬೆನ್ನೆಲುಬಿನ ಎರಡೂ ಬದಿ ಬೆರಳಿನಿಂದ ಒತ್ತುತ್ತಾ ಹೋಗಿ. ಕುಸಿದು ತಪ್ಪಿಸಿಕೊಂಡರೆ ಅಲ್ಲಿ ನೋವಿದೆ.

ವಸಡು ತಿಳಿಗುಲಾಬಿ ಬಣ್ಣವಿರಬೇಕು. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕಣ್ಣಿಗೆ ಓರೆಯಾಗಿ ಟಾರ್ಚು ಹಿಡಿದು ಬಿಳಿ ಮಬ್ಬಿದೆಯೇ ನೋಡಿ. ಹೊಟ್ಟೆಯಡಿ ನಟ್ಟನಡುವೆ ಉದ್ದ ಗಾಯದ ಗುರುತಿದ್ದರೆ ಹೊಟ್ಟೆಶೂಲೆಗೆ ಶಸ್ತ್ರಚಿಕಿತ್ಸೆ ಆಗಿತ್ತೇ ಎಂದು ನೇರವಾಗಿ ಕೇಳಿ.

ಹಲ್ಲಿನಿಂದ ವಯಸ್ಸು: ಐದು ವರ್ಷಕ್ಕೆ ಬಾಯಿಯ ಮುಂದಿನ ಹಲ್ಲೆಲ್ಲ ಕಾಯಂ ಆಗಿರುತ್ತವೆ. ಮೇಲಿನ ಸಾಲಿನ ಮೂಲೆಹಲ್ಲಿನಲ್ಲಿ ಕಂದು ಗೀರೊಂದು ಸುಮಾರು 10ರಲ್ಲಿ ವಸಡಿನ ಹತ್ತಿರ ಕಾಣತೊಡಗಿ, 15ರ ಹೊತ್ತಿಗೆ ಅರ್ಧಕ್ಕೂ 20ರ ಹೊತ್ತಿಗೆ ತುದಿಗೂ ಇಳಿಯುತ್ತದೆ. ಇದು ಅಂದಾಜು ಮಾತ್ರ. ಕಾಗದದಲ್ಲಿ 9 ಎಂದಿದ್ದು ಗೀರು ಹಲ್ಲಿನ ತುದಿ ಮುಟ್ಟಿದ್ದರೆ ಮಾತ್ರ ಕಾಗದ ಸುಳ್ಳು.

ಹಂತ 6: ಹಗ್ಗ ಹಿಡಿದು ಓಡಿಸಿ ನೋಡುವುದು

ಗಟ್ಟಿಯಾದ ಸಮನೆಲ ಬೇಕು. ಮರಳಿನ ಮೇಲೆ ಸಣ್ಣ ಕುಂಟು ಅಡಗುತ್ತದೆ. ಮೊದಲು ನಡಿಗೆ, ಆಮೇಲೆ ಟ್ರಾಟ್. ಹಗ್ಗ ಸಡಿಲವಾಗಿರಲಿ, ಬಿಗಿಯಾಗಿ ಹಿಡಿದರೆ ತಲೆ ಆಡುವುದು ಕಾಣುವುದಿಲ್ಲ, ಕೆಲವರು ಬಿಗಿಹಿಡಿಯುವುದೇ ಅದಕ್ಕೆ.

ಎದುರಿಗೆ ಬರುವಾಗ ತಲೆಯನ್ನು ನೋಡಿ. ಮುಂಗಾಲು ಕುಂಟುವ ಕುದುರೆ ನೋಯುವ ಕಾಲು ಊರುವಾಗ ತಲೆ ಎತ್ತುತ್ತದೆ, ಒಳ್ಳೆಯ ಕಾಲು ಊರುವಾಗ ತಗ್ಗಿಸುತ್ತದೆ. ದೂರ ಹೋಗುವಾಗ ಸೊಂಟ ನೋಡಿ: ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಏರಿಳಿದರೆ ಆ ಬದಿಯ ಹಿಂಗಾಲಿನಲ್ಲಿ ತೊಂದರೆಯಿದೆ. ಕಣ್ಣು ಮುಚ್ಚಿ ಸದ್ದನ್ನೂ ಕೇಳಿ. ಟ್ರಾಟ್ ಎರಡೇ ತಾಳದ ಓಟ, ಟಕ್-ಟಕ್ ಸಮನಾಗಿರಬೇಕು. ಒಂದು ಪೆಟ್ಟು ಜೋರು, ಒಂದು ಮೆತ್ತಗೆ ಕೇಳಿದರೆ ಮತ್ತೊಮ್ಮೆ ಓಡಿಸಲು ಹೇಳಿ. ಎಡಕ್ಕೂ ಬಲಕ್ಕೂ ಸಣ್ಣ ಸುತ್ತು ಹಾಕಿಸಿ, ಎಲ್ಲವನ್ನೂ ವಿಡಿಯೊ ಮಾಡಿಕೊಳ್ಳಿ. "ನಿನ್ನೆ ಕಲ್ಲು ತುಳಿದಿದೆ, ನಾಳೆ ಸರಿಹೋಗುತ್ತದೆ" ಅಂದರೆ ಸರಿಹೋದ ಮೇಲೆ ಬರುತ್ತೇವೆ ಎಂದು ಹೇಳಿ ಹೊರಡಿ.

ಹಂತ 7: ಸವಾರಿ

ಮೊದಲು ಮಾರುವವರು ಹತ್ತಬೇಕು, ಎರಡನೆಯವರಾಗಿ ನಿಮ್ಮ ಗುರುಗಳು, ಕೊನೆಗೆ ನೀವು. ಮಾರುವವರು ಏನೋ ನೆಪ ಹೇಳಿ ಹತ್ತಲು ಒಪ್ಪದಿದ್ದರೆ ನೀವೂ ಹತ್ತಬೇಡಿ. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ನೀವು ಹತ್ತಿದಾಗ ಇವನ್ನು ಗಮನಿಸಿ. ಹತ್ತುವಾಗ ಅಲುಗದೆ ನಿಂತಿತೇ? ಲಗಾಮು ಜಗ್ಗದೆ, ಕೂತ ಭಾರ ಮತ್ತು ದನಿಯಿಂದಲೇ ನಿಲ್ಲುತ್ತದೆಯೇ? ಟ್ರಾಟ್‌ನಿಂದ ನಡಿಗೆಗೆ ಇಳಿಸಲು ಎಷ್ಟು ಹೆಜ್ಜೆ ಬೇಕಾಯಿತು? ನಿಮ್ಮ ಕಾಲು ತಪ್ಪಿ ತಗುಲಿದಾಗ ಚಿಮ್ಮಿತೇ, ಮನ್ನಿಸಿತೇ? ಹೊಸಬರ ಕೈಕಾಲು ತಪ್ಪುವುದು ಸಹಜ, ಮನ್ನಿಸುವ ಗುಣವೇ ನೀವು ಹಣ ಕೊಟ್ಟು ಕೊಳ್ಳುತ್ತಿರುವುದು.

ಆಮೇಲೆ ಲಾಯದಿಂದ ದೂರಕ್ಕೆ, ಬೇರೆ ಕುದುರೆಗಳಿಲ್ಲದೆ ಕರೆದೊಯ್ಯಿರಿ. ಗುರುಗಳು ನಡೆದು ಜೊತೆಗೆ ಬರಲಿ. ಗೇಟಿನ ಹತ್ತಿರ ತಿರುಗಿ ನಿಲ್ಲುವುದು, ಕೆನೆಯುತ್ತಾ ವಾಪಸಾಗಲು ಎಳೆಯುವುದು, ಮುಂಗಾಲೆತ್ತುವುದು ಇಲ್ಲಿಯೇ ಹೊರಬೀಳುತ್ತವೆ. ಹಾರಾಡುವ ಪ್ಲಾಸ್ಟಿಕ್ ಚೀಲಕ್ಕೆ ಬೆಚ್ಚಿ, ನಿಂತು ನೋಡಿ, ಮುಂದೆ ಹೋದರೆ ತೊಂದರೆಯಿಲ್ಲ. ಬೆಚ್ಚಿ ತಿರುಗಿ ಓಡಿದರೆ ಬೇಡ.

ಹಂತ 8: ಮತ್ತೆ ಹೋಗಿ, ಸಾಧ್ಯವಾದರೆ ಒಯ್ದು ನೋಡಿ

ಎರಡನೆಯ ಸಲ ಬೇರೆ ಹೊತ್ತಿನಲ್ಲಿ, ಮುಂಚೆ ಹೇಳದೆ ಹೋಗಿ. ಮೇವು ಹಾಕುವ ಹೊತ್ತಾದರೆ ಇನ್ನೂ ಒಳ್ಳೆಯದು, ಸ್ವಭಾವ ಆಗ ಮುಚ್ಚಿಡಲಾಗುವುದಿಲ್ಲ. ಈ ಸಲ ಎಲ್ಲ ಕೆಲಸ ನೀವೇ ಮಾಡಿ. ಗಾಡಿಗೆ ಹತ್ತಿಸಿ ಇಳಿಸುವುದನ್ನೂ ನೋಡಿ. ಎರಡು ವಾರ ಒಯ್ದಿಟ್ಟುಕೊಂಡು ನೋಡಲು, ಇಲ್ಲವೇ ಕೆಲವು ತಿಂಗಳು ಬಾಡಿಗೆಗೆ ಪಡೆಯಲು ಅವಕಾಶ ಕೇಳಿ. ಆ ಅವಧಿಯಲ್ಲಿ ಗಾಯವಾದರೆ, ಸತ್ತರೆ ಹೊಣೆ ಯಾರದು ಎಂದು ಬರೆದಿಟ್ಟುಕೊಂಡೇ ಒಯ್ಯಬೇಕು. "ಸಂಜೆ ಇನ್ನೊಬ್ಬರು ಹಣ ತರುತ್ತಿದ್ದಾರೆ" ಎಂಬ ಅವಸರಕ್ಕೆ ಸೋಲಬೇಡಿ. ಇದಿಲ್ಲದಿದ್ದರೆ ಇನ್ನೊಂದು ಸಿಗುತ್ತದೆ.

ಹಂತ 9: ಪಶುವೈದ್ಯರ ತಪಾಸಣೆ

ಕುದುರೆಗಳನ್ನು ನೋಡಿ ಅಭ್ಯಾಸವಿರುವ, ಮಾರುವವರಿಗೆ ಸಂಬಂಧವಿಲ್ಲದ ವೈದ್ಯರನ್ನು ನೀವೇ ಗೊತ್ತು ಮಾಡಿ, ಶುಲ್ಕವನ್ನೂ ನೀವೇ ಕೊಡಿ. ಪೂರ್ಣ ತಪಾಸಣೆಯಲ್ಲಿ ನಿಂತಲ್ಲಿ ಪರೀಕ್ಷೆ, ನಡಿಗೆ ಮತ್ತು ಟ್ರಾಟ್, ದಣಿಯುವಂತೆ ಓಡಿಸಿ ಎದೆಬಡಿತ ಕೇಳುವುದು, ವಿಶ್ರಾಂತಿ, ಮತ್ತೆ ಟ್ರಾಟ್ ಇರುತ್ತವೆ. ಕೀಲು ಮಡಚಿ ಹಿಡಿದು ತಕ್ಷಣ ಓಡಿಸುವ ಪರೀಕ್ಷೆಯನ್ನೂ ಮಾಡಿಸಿ.

ರಕ್ತ ತೆಗೆಸುವುದನ್ನು ಬಿಡಬೇಡಿ. ಫಿನೈಲ್‌ಬ್ಯುಟಜೋನ್‌ನಂಥ ನೋವಿನ ಔಷಧ ಕೊಟ್ಟರೆ ಕುಂಟುವ ಕುದುರೆ ಅಂದು ನೆಟ್ಟಗೆ ನಡೆಯುತ್ತದೆ, ಆದರೆ ರಕ್ತದಲ್ಲಿ ಸಿಕ್ಕಿಬೀಳುತ್ತದೆ. ಗ್ಲ್ಯಾಂಡರ್ಸ್ ಮತ್ತು ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಗ್ಲ್ಯಾಂಡರ್ಸ್ ಮನುಷ್ಯರಿಗೂ ತಗಲುವ ಮಾರಕ ರೋಗ.

ವೈದ್ಯರಿಗೆ "ಚೆನ್ನಾಗಿದೆಯೇ?" ಎಂದು ಕೇಳಬೇಡಿ. "ವಾರಕ್ಕೆ ನಾಲ್ಕು ದಿನ, ಹೊಸ ಸವಾರನ ಹಗುರ ಸವಾರಿಗೆ ಈ ಕುದುರೆ ಎಷ್ಟು ವರ್ಷ ಬರಬಹುದು?" ಎಂದು ಕೇಳಿ. ಸಣ್ಣಪುಟ್ಟ ದೋಷವಿಲ್ಲದ ಕುದುರೆ ಸಿಗುವುದು ಕಷ್ಟ. ಹದಿಮೂರು ವರ್ಷದ ಕುದುರೆಯ ಕೀಲಿನಲ್ಲಿ ಸ್ವಲ್ಪ ಬಿಗಿತವಿದ್ದರೆ ಅದನ್ನು ನಿಭಾಯಿಸಬಹುದು. ಕೆಟ್ಟ ಸ್ವಭಾವವನ್ನು ಹೊಸಬರು ನಿಭಾಯಿಸಲಾರರು.

ಹಂತ 10: ಕರಾರು, ಹಣ, ಮನೆಗೆ ತರುವುದು

ಕರಾರಿನಲ್ಲಿ ಕುದುರೆಯ ಗುರುತು, ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆ, ವಯಸ್ಸು, ಗೊತ್ತಿರುವ ರೋಗ ಮತ್ತು ಚಟಗಳು, ಹಿಂತಿರುಗಿಸುವ ಷರತ್ತು ಎಲ್ಲ ಇರಲಿ. "ಹೊಸಬರ ಸವಾರಿಗೆ ಯೋಗ್ಯ" ಎಂಬ ಸಾಲನ್ನು ಮಾರುವವರ ಕೈಯಲ್ಲೇ ಬರೆಸಿ. ಬರೆಯಲು ಹಿಂದೇಟು ಹಾಕಿದರೆ ಹಣ ಇನ್ನೂ ನಿಮ್ಮ ಜೇಬಿನಲ್ಲೇ ಇದೆ.

ಬೇರೆ ಕುದುರೆಗಳಿರುವ ಕಡೆ ತರುವುದಾದರೆ ಎರಡು-ಮೂರು ವಾರ ಪ್ರತ್ಯೇಕ ಇಡಿ; ಕೆಮ್ಮು, ಮೂಗು ಸೋರುವುದು, ದವಡೆಯಡಿ ಗಂಟು ಕಂಡರೆ ವೈದ್ಯರನ್ನು ಕರೆಸಿ. ಮೊದಲ ಎರಡು ದಿನ ಸವಾರಿ ಬೇಡ, ಹಗ್ಗ ಹಿಡಿದು ಜಾಗ ತೋರಿಸಿ. ಮೊದಲ ಸವಾರಿಗಳಿಗೆ ಗುರುಗಳು ಪಕ್ಕದಲ್ಲಿರಲಿ. ಕಡಿವಾಣವನ್ನು ಬದಲಿಸಬೇಡಿ, ಹಳೆಯದರ ಮಾದರಿಯನ್ನೇ ಹಾಕಿ. ಪ್ರೀತಿಗೆಂದು ದಾಣಿ ಹೆಚ್ಚಿಸಬೇಡಿ. ಕೆಲಸ ಕಡಿಮೆ, ಕಾಳು ಹೆಚ್ಚಾದರೆ ಸಾಧು ಕುದುರೆಯೂ ಒಂದೇ ವಾರದಲ್ಲಿ ಕುಣಿಯತೊಡಗುತ್ತದೆ.

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಒಗ್ಗದಿದ್ದರೆ ನೇರ ಹೊಟ್ಟೆಶೂಲೆ. ಹಾಗಾಗಿ ಹೊರಡುವಾಗ ಮಾರುವವರಿಂದ ಹತ್ತು ದಿನಕ್ಕಾಗುವಷ್ಟು ಹಳೆಯ ಮೇವನ್ನು ಕೇಳಿ ತನ್ನಿ. ಮೊದಲ ದಿನಗಳಲ್ಲಿ ಮುಕ್ಕಾಲು ಹಳೆಯದು ಕಾಲು ಹೊಸದು, ನಾಲ್ಕನೆಯ ದಿನದಿಂದ ಅರ್ಧರ್ಧ, ಏಳನೆಯ ದಿನದಿಂದ ಕಾಲು ಹಳೆಯದು ಮುಕ್ಕಾಲು ಹೊಸದು.